ದಂಡು ಹಾದ ಊರು, ಸಂತೆ ನಿಂತ ಊರು

ಹರಿಹರಕ್ಕೂ ದಾವಣಗೆರೆಗೂ ನಡುವೆ ಹದಿನಾಲ್ಕು ಕಿಲೋಮೀಟರ್. ಬಸ್ಸು ಹತ್ತಿ, ಟಿಕೆಟ್ ಪಡೆದು, ಕಂಡಕ್ಟರ್ ಕೊಟ್ಟ ಚಿಲ್ಲರೆ ಎಣಿಸುವಷ್ಟರಲ್ಲಿ ಇಳಿಯುವ ಜಾಗ ಬಂದುಬಿಡುತ್ತದೆ. ಹರಿಹರದ ಪಾಲಿಗೆ ಹಳೆಯ ಕಾಲ ಏನೂ ಕಡಿಮೆ ಮಾಡಿರಲಿಲ್ಲ. ತುಂಗಭದ್ರೆ ಇತ್ತು, ಹೊಳೆ ದಾಟುವ ಕಡವು ಇತ್ತು, ಹೊಯ್ಸಳರ ಕಾಲದ ದೊಡ್ಡ ದೇವಾಲಯ ಇತ್ತು, ಅಂಗಳದ ತುಂಬ ಶಾಸನ ಇತ್ತು, ಮುಂದೆ ಕೋಟೆಯೂ ಬಂತು. ದಾವಣಗೆರೆಗೆ ಅಂಥ ಭಾಗ್ಯ ಇರಲಿಲ್ಲ. ಹೈದರಾಲಿಯ ಕಾಲದವರೆಗೆ ಅದು ಪಕ್ಕದ ಬೇತೂರಿನ ನೆರಳಲ್ಲಿದ್ದ ಹೆಸರಿಲ್ಲದ ಹಳ್ಳಿ. ಈಗ ಲೆಕ್ಕ ನೋಡಿ: 2011ರ ಜನಗಣತಿಯಲ್ಲಿ ದಾವಣಗೆರೆ ನಗರದಲ್ಲಿ 4.3 ಲಕ್ಷಕ್ಕೂ ಹೆಚ್ಚು ಜನ, ಹರಿಹರದಲ್ಲಿ ಸುಮಾರು 83 ಸಾವಿರ.

ಯುದ್ಧಕ್ಕೂ ನಾಗರಿಕತೆಗೂ ಏನು ನಂಟು ಎಂದು ಕೇಳುವವರಿಗೆ ಈ ಎರಡು ಊರುಗಳು ಒಳ್ಳೆಯ ಸಾಕ್ಷಿ. ಯುದ್ಧವೇ ರಾಜ್ಯಗಳನ್ನು ಕಟ್ಟಿತು, ಸೈನ್ಯ ಸಾಕುವ ಸಲುವಾಗಿ ತೆರಿಗೆ ಬಂತು, ತೆರಿಗೆ ಎತ್ತುವ ಸಲುವಾಗಿ ಕಚೇರಿ, ಕಡತ, ರಸ್ತೆ ಬಂದವು ಎಂಬುದು ಒಂದು ವಾದ. ಚಾರ್ಲ್ಸ್ ಟಿಲ್ಲಿ ಯುರೋಪಿನ ಇತಿಹಾಸ ಹಿಡಿದು ಇದನ್ನು ಗಟ್ಟಿಯಾಗಿ ಮಂಡಿಸಿದ. ಇದಕ್ಕೆ ತಿರುಗುಮುರುಗಾಗಿ ಹೇಳಿದವನು ಆರ್ನಾಲ್ಡ್ ಟಾಯ್ನ್‌ಬಿ. 1950ರಲ್ಲಿ ಬಂದ ‘ಯುದ್ಧ ಮತ್ತು ನಾಗರಿಕತೆ’ ಎಂಬ ಸಂಕಲನದಲ್ಲಿ, ನಾಗರಿಕತೆಗಳು ಮುರಿದುಬಿದ್ದದ್ದಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕಾರಣ ಅವುಗಳ ಯುದ್ಧದ ಚಟವೇ ಎಂಬುದು ಅವನ ತೀರ್ಮಾನ. ಇಬ್ಬರೂ ದೊಡ್ಡವರು, ಆದರೆ ಇಬ್ಬರೂ ಹರಿಹರದ ಅಂಗಳದಲ್ಲಿ ನಿಂತು ಯೋಚಿಸಿದವರಲ್ಲ.

ಹರಿಹರದ ಸ್ಥಳಕತೆ ಶುರುವಾಗುವುದೇ ಕಾಳಗದಿಂದ. ಹರನಿಂದಲೂ ಸಾವಿಲ್ಲ, ಹರಿಯಿಂದಲೂ ಸಾವಿಲ್ಲ ಎಂದು ವರ ಪಡೆದ ಗುಹಾಸುರ ಲೋಕಕ್ಕೆ ಕಂಟಕನಾದಾಗ ಇಬ್ಬರೂ ಒಂದೇ ಮೈಯಾಗಿ ಬಂದು ಅವನನ್ನು ಮೆಟ್ಟಿದರು. ಅರ್ಧ ಶಿವ, ಅರ್ಧ ವಿಷ್ಣುವಾಗಿರುವ ಮೂರ್ತಿಯ ಹಿಂದಿನ ಕತೆ ಇದು. ಶೈವ-ವೈಷ್ಣವ ಜಗಳಕ್ಕೆ ನಮ್ಮವರು ಕಂಡುಕೊಂಡ ಜಾಣ ರಾಜಿ ಎಂದು ನನಗೆ ಅನ್ನಿಸುತ್ತದೆ. ರಾಜಿಗೂ ಒಬ್ಬ ಸಮಾನ ಶತ್ರು ಬೇಕಾಯಿತು ಎಂಬುದನ್ನೂ ಮರೆಯುವಂತಿಲ್ಲ.

ಈಗಿನ ದೇವಾಲಯವನ್ನು 1224ರ ಹೊತ್ತಿಗೆ ಕಟ್ಟಿಸಿದವನು ಪೋಲಾಳ್ವ. ಹೊಯ್ಸಳ ಇಮ್ಮಡಿ ನರಸಿಂಹನ ಮಂತ್ರಿ, ದಂಡನಾಯಕ. 1268ರಲ್ಲಿ ಅದಕ್ಕೆ ಇನ್ನಷ್ಟು ಸೇರಿಸಿದವನು ಮುಮ್ಮಡಿ ನರಸಿಂಹನ ದಂಡನಾಯಕ ಸೋಮ. ಸೋಮನಾಥಪುರದ ಕೇಶವ ದೇವಾಲಯದ ಕೀರ್ತಿಯೂ ಅವನದೇ. ಅಂದರೆ ಎರಡು ಸಲವೂ ಕಟ್ಟಿಸಿದ್ದು ಖಡ್ಗ ಹಿಡಿದ ಕೈ. ಮೂರನೆಯದು ಇನ್ನೂ ಸ್ವಾರಸ್ಯ. ಹೊಯ್ಸಳರ ಬದ್ಧವೈರಿಗಳು ದೇವಗಿರಿಯ ಸೇವುಣರು. ಅವರ ದೊರೆ ರಾಮಚಂದ್ರನ ದಂಡನಾಯಕ ಸಾಳುವ ತಿಕ್ಕಮ 1276ರ ಸುಮಾರಿಗೆ ದೋರಸಮುದ್ರದ ಮೇಲೆ ಏರಿಹೋಗಿ, ಆನೆ, ಕುದುರೆ, ಹೊನ್ನು ಕಪ್ಪವಾಗಿ ತಂದೆನೆಂದು ಹೇಳಿಕೊಂಡ. ಆಮೇಲೆ ಅವನೂ ಹರಿಹರಕ್ಕೆ ಬಂದು, ತನ್ನ ಹಿಂದಿನ ಒಡೆಯ ಮಹಾದೇವನ ನೆನಪಿಗೆ ವಿಷ್ಣುವಿನ ಗುಡಿ ಎತ್ತಿಸಿ ಶಾಸನ ಹಾಕಿಸಿದ. ಒಬ್ಬರನ್ನೊಬ್ಬರು ಸೋಲಿಸಿದ ಎರಡು ಪಾಳೆಯದವರೂ ಒಂದೇ ದೇವರ ಮುಂದೆ ಕಲ್ಲು ನೆಟ್ಟರು.

ಭಕ್ತಿ ಇತ್ತು, ಇಲ್ಲವೆನ್ನಲಾರೆ. ಜೊತೆಗೆ ಗಡಿ ಇತ್ತು. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ, ಸೇವುಣರ ನಡುವೆ ಈ ತುಂಗಭದ್ರಾ ಸೀಮೆ ಹಿಂದಕ್ಕೂ ಮುಂದಕ್ಕೂ ಜಗ್ಗಾಡುತ್ತಿತ್ತು. ಸೇವುಣರು ಹೊಳೆಯ ಈಚೆಗೆ ಬಂದು ಬೇತೂರಿನಲ್ಲೇ ತಮ್ಮ ಆಡಳಿತದ ಠಾಣೆ ಹಾಕಿದ್ದರು. ಇವತ್ತು ದಾವಣಗೆರೆಯಲ್ಲಿ ಬೇತೂರು ರಸ್ತೆ ಎಂದರೆ ಆಟೋದವರಿಗೆ ಗೊತ್ತು. ಅದು ಒಂದು ಕಾಲಕ್ಕೆ ದೇವಗಿರಿಯ ದಕ್ಷಿಣದ ಗದ್ದುಗೆಯಾಗಿತ್ತು ಎಂದರೆ ನಕ್ಕುಬಿಡುತ್ತಾರೆ. ಇಂಥ ಗಡಿಯಲ್ಲಿ ದೇವಾಲಯ ಕಟ್ಟುವುದೆಂದರೆ ಪುಣ್ಯವನ್ನೂ ಭೂಮಿಯನ್ನೂ ಒಟ್ಟಿಗೆ ಬರೆಸಿಕೊಂಡ ಹಾಗೆ.

ಇಷ್ಟಕ್ಕೇ ನಿಂತರೆ ಯುದ್ಧವೇ ಕಲೆಯ ತಾಯಿ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ದೇವಾಲಯದ ಮಂಟಪದೊಳಗೆ ಹೋಗಿ ಕಂಬಗಳನ್ನು ನೋಡಬೇಕು. ಬಳಪದ ಕಲ್ಲನ್ನು ತಿರುಗಣೆಗೆ ಏರಿಸಿ, ತಿರುಗಿಸುತ್ತ ಉಳಿ ಕೊಟ್ಟು, ಬಳೆ ಬಳೆಯಾಗಿ ಕಡೆದ ಕಂಬಗಳು. ಗಣಿಯಿಂದ ಎದ್ದಾಗ ಮೆತ್ತಗಿದ್ದು ಗಾಳಿಗೆ ಬಿಟ್ಟಂತೆ ಗಟ್ಟಿಯಾಗುವ ಕಲ್ಲು ಇದು. ಅದರ ಗುಣ ಅರಿತು, ಭಾರ ಸಮತೂಗಿಸಿ, ಒಂದು ಕಂಬದ ಸುತ್ತಳತೆ ಇನ್ನೊಂದಕ್ಕೆ ಹೊಂದುವಂತೆ ಕಡೆಯುವ ವಿದ್ಯೆ ಯಾವ ದಂಡಯಾತ್ರೆಯಲ್ಲೂ ಸಿಗುವಂಥದ್ದಲ್ಲ. ಅದು ಕಮ್ಮಟದಲ್ಲಿ, ತಂದೆಯಿಂದ ಮಗನಿಗೆ, ತಲೆಮಾರುಗಟ್ಟಲೆ ಶಾಂತಿ ಇದ್ದಾಗ ಬೆಳೆದದ್ದು. ದಂಡನಾಯಕ ತಂದದ್ದು ಹಣ ಮತ್ತು ಅವಸರ.

ಇನ್ನೊಂದು ಮಾತು. ಹರಿಹರದಲ್ಲಿ ತುಂಗಭದ್ರೆಯನ್ನು ಸೇರುವ ಹರಿದ್ರಾ ಹಳ್ಳ ಹುಟ್ಟುವುದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಲ್ಲಿ, ಈಗ ಶಾಂತಿಸಾಗರ ಎನ್ನುವ ಕೆರೆಯಲ್ಲಿ. ಶಾಂತವ್ವ ಎಂಬ ಹೆಣ್ಣುಮಗಳು ಕಟ್ಟಿಸಿದಳು ಎನ್ನುತ್ತದೆ ಜನರ ಕತೆ. ಯಾವ ಗೆಲುವಿನ ನೆನಪಿಗೂ ಕಟ್ಟಿದ ಕೆರೆ ಅಲ್ಲ ಅದು. ಪೋಲಾಳ್ವನ ಕಾಲದಿಂದ ಈಚೆಗೆ ನಡೆದ ಕಾಳಗಗಳ ಫಲ ಏನೆಂದು ಕೇಳಿದರೆ ಇತಿಹಾಸದ ಮೇಷ್ಟ್ರು ತಡವರಿಸಬಹುದು. ಕೆರೆಯ ಫಲ ಏನೆಂದು ಕೇಳಿದರೆ ಅಚ್ಚುಕಟ್ಟಿನ ರೈತ ಗದ್ದೆ ತೋರಿಸುತ್ತಾನೆ.

ವಿಜಯನಗರ ಬಿದ್ದ ಮೇಲೆ ಹರಿಹರದ ಪಾಡು ಬೇಗ ಹೇಳಿ ಮುಗಿಸಬಹುದು. ತರೀಕೆರೆಯ ಪಾಳೆಯಗಾರರು ಹಿಡಿದು ಕೋಟೆ ಕಟ್ಟಿದರು. ಅವರಿಂದ ಸವಣೂರಿನ ನವಾಬರಿಗೆ, ಅಲ್ಲಿಂದ ಬಿದನೂರಿನವರಿಗೆ, ಆಮೇಲೆ ಮರಾಠರಿಗೆ. 1763ರಲ್ಲಿ ಹೈದರಾಲಿ ಗೆದ್ದ. ಆ ನಂತರವೂ ಮರಾಠರು ಮತ್ತೆ ಮತ್ತೆ ಬಂದು ಹಿಡಿದರು. ಸುತ್ತಲಿನ ಸೀಮೆಯೂ ನೆಮ್ಮದಿಯಾಗಿರಲಿಲ್ಲ. 1748ರಲ್ಲಿ ಮಾಯಕೊಂಡದ ಬಯಲಿನಲ್ಲಿ ಚಿತ್ರದುರ್ಗ ಒಂದು ಕಡೆ, ಬಿದನೂರು ಮತ್ತು ಅದರ ಜೊತೆಗಾರರು ಇನ್ನೊಂದು ಕಡೆ ನಿಂತು ಹೊಡೆದಾಡಿದರು. ದುರ್ಗದ ಮದಕರಿನಾಯಕ ಅಲ್ಲೇ ಮಡಿದ. ಮುಂದೆ ಆರ್ಕಾಟಿನ ಗದ್ದುಗೆಗಾಗಿ ಫ್ರೆಂಚರ ಜೊತೆ ಸೇರಿ ಹೆಸರು ಮಾಡಿದ ಚಂದಾಸಾಹೇಬನೂ ಅಂದು ದುರ್ಗದ ಪರವಾಗಿ ಆ ರಣದಲ್ಲಿದ್ದ. ಮಾಯಕೊಂಡದ ಹೆಸರು ಈಗ ಕೇಳಿಬರುವುದು ಚುನಾವಣೆ ಬಂದಾಗ.

ಕೋಟೆ ಇದ್ದ ಊರಿಗೆ ದಂಡು ಬರುತ್ತದೆ. ಕಡವು ಇದ್ದ ಊರಿಗಂತೂ ಬಂದೇ ಬರುತ್ತದೆ. ವ್ಯಾಪಾರಿ ಇದನ್ನು ಎಲ್ಲರಿಗಿಂತ ಮೊದಲು ಅರಿಯುತ್ತಾನೆ. ಹೈದರಾಲಿ ದಾವಣಗೆರೆಯನ್ನು ಆಪೋಜಿರಾಮ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಈ ಆಪೋಜಿರಾಮ ಕೋಟೆ ಕಟ್ಟಿ ಮೆರೆಯುವ ಬದಲು ವರ್ತಕರನ್ನು ಕರೆದು ನೆಲೆ ಕೊಟ್ಟ. ಅವನಿಗೆ ಮಕ್ಕಳಿರಲಿಲ್ಲ; ಅವನು ತೀರಿಕೊಂಡ ಮೇಲೂ ಪೇಟೆ ಬೆಳೆಯುತ್ತಲೇ ಹೋಯಿತು. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ಹಾದು ಆರ್ಕಾಟಿನ ವಾಲಾಜಾಪೇಟೆಯವರೆಗೆ ಹೋಗುತ್ತಿದ್ದವು. ಕುರಿಯ ಉಣ್ಣೆಯ ಕಂಬಳಿಗೆ ದೂರದೂರಿನ ಗಿರಾಕಿಗಳಿದ್ದರು. ಚೌಕಿಪೇಟೆ, ಮಂಡಿಪೇಟೆ, ಕಾಯಿಪೇಟೆ ಎಂದು ನಡೆಯುತ್ತ ಹೋದರೆ ಈ ಊರನ್ನು ಕಟ್ಟಿದವರು ಯಾರೆಂದು ಬೀದಿಗಳ ಹೆಸರೇ ಹೇಳುತ್ತವೆ.

ಜಹಗೀರು ಎಂಬುದೇ ಯುದ್ಧದ ಇನಾಮು ಅಲ್ಲವೇ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ದಾವಣಗೆರೆಯ ಹುಟ್ಟಿನಲ್ಲೂ ಖಡ್ಗದ ಪಾಲಿದೆ. ನನ್ನ ಲೆಕ್ಕದಲ್ಲಿ ಯುದ್ಧ ನಾಗರಿಕತೆಯ ಹತ್ತಿರ ಕಡ ಕೇಳುತ್ತಲೇ ಬಂದಿದೆ: ದವಸ, ಎತ್ತು, ಕಬ್ಬಿಣ, ಕಸುಬು, ಹುಡುಗರು. ಅಪರೂಪಕ್ಕೆ ಒಬ್ಬ ಆಪೋಜಿರಾಮ ಒಂದಿಷ್ಟು ತೀರಿಸುತ್ತಾನೆ. ಉಳಿದವರ ಬಾಕಿ ಹಾಗೇ ಇದೆ.

ಆ ಕಡದ ವ್ಯವಹಾರ ಹೇಗಿತ್ತು ಎಂಬುದಕ್ಕೆ 1800ರ ಮಳೆಗಾಲವನ್ನು ನೋಡಬೇಕು. ಚನ್ನಗಿರಿಯಲ್ಲಿ ಹುಟ್ಟಿದ ಧೊಂಡಿಯಾ ವಾಘ್ ಟಿಪ್ಪುವಿನ ಸೆರೆಯಲ್ಲಿದ್ದವನು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದು, ಕೆಲಸ ಕಳೆದುಕೊಂಡ ಸಿಪಾಯಿಗಳನ್ನು ಕೂಡಿಸಿಕೊಂಡು, ತಾನು ಉಭಯ ಲೋಕಾಧೀಶ್ವರ ಎಂದು ಬಿರುದು ಇಟ್ಟುಕೊಂಡ. ಅವನ ಬೆನ್ನಟ್ಟಲು ಹೊರಟ ಮೂವತ್ತೊಂದು ವರ್ಷದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಆ ಜೂನ್ ತಿಂಗಳಲ್ಲಿ ಹರಿಹರದ ಬಳಿ ಪಾಳೆಯ ಬಿಟ್ಟಿದ್ದ. ಹದಿನೈದು ವರ್ಷದ ನಂತರ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಇವನೇ. ಮುಂಗಾರು ಹಿಡಿದಿತ್ತು, ಹೊಳೆ ಏರುತ್ತಿತ್ತು. ತಿಂಗಳ ಕೊನೆಗೆ ಹಾವನೂರಿನ ಬಳಿ ದಂಡು ಹೊಳೆ ದಾಟಿತು.

ಆ ದಿನಗಳ ವೆಲ್ಲೆಸ್ಲಿಯ ಪತ್ರಗಳು ಅಚ್ಚಾಗಿವೆ. ಅವುಗಳಲ್ಲಿ ತೋಪು, ಬಂದೂಕಿಗಿಂತ ಹೆಚ್ಚು ಕಾಣುವುದು ಅಕ್ಕಿ, ಹೇರು ಹೊರುವ ಎತ್ತು, ಹೊಳೆ ದಾಟಿಸುವ ಹರಿಗೋಲು. ಮತ್ತೆ ಮತ್ತೆ ಬರುವ ಇನ್ನೊಂದು ಹೆಸರು ಬ್ರಿಂಜಾರಿಗಳದ್ದು. ಅವರು ನಮ್ಮ ಲಂಬಾಣಿಗಳೇ. ಸಾವಿರಗಟ್ಟಲೆ ಎತ್ತುಗಳ ಬೆನ್ನಿಗೆ ಗೋಣಿ ಹೇರಿ, ಹೆಂಡತಿ ಮಕ್ಕಳ ಸಮೇತ ದಂಡಿನ ಹಿಂದೆ ಮುಂದೆ ನಡೆದು ದವಸ ಮುಟ್ಟಿಸುತ್ತಿದ್ದ ಜನ. ಮೊಗಲರಿಗೂ ಅವರೇ ಬೇಕಾಗಿದ್ದರು, ಮರಾಠರಿಗೂ, ಹೈದರನಿಗೂ, ಕಂಪನಿಗೂ. ಯಾವ ಪಕ್ಷದವರಾದರೂ ಅವರನ್ನು ತಡೆಯಲು ಹಿಂದೆಮುಂದೆ ನೋಡುತ್ತಿದ್ದರು, ನಾಳೆ ತಮಗೂ ಅವರೇ ಗತಿ ಎಂದು ಎಲ್ಲರಿಗೂ ಗೊತ್ತಿತ್ತು. ಸೆಪ್ಟೆಂಬರ್ 10ರಂದು ಕೋಣಗಲ್ ಬಳಿ ಧೊಂಡಿಯಾ ಸತ್ತ. ಅವನ ಸಾಕುಮಗ ಸಲಾಬತ್ ಖಾನ್ ನಾಲ್ಕು ವರ್ಷದ ಕೂಸು. ವೆಲ್ಲೆಸ್ಲಿ ಆ ಹುಡುಗನನ್ನು ತನ್ನ ಬಿಡಾರಕ್ಕೆ ಕರೆತಂದು, ಇಂಗ್ಲೆಂಡಿಗೆ ಹೋಗುವಾಗ ಅವನ ಖರ್ಚಿಗೆ ಹಣ ಇಟ್ಟು ಹೋದ. ಕೊಂದವನೇ ಸಾಕಿದ ಈ ಪ್ರಸಂಗವನ್ನು ಜೀವನಚರಿತ್ರೆಗಳು ಮೆಚ್ಚಿ ಬರೆಯುತ್ತವೆ. ಗೋಣಿ ಹೊತ್ತ ಲಂಬಾಣಿಗಳಲ್ಲಿ ಎಷ್ಟು ಜನ ಆ ಮಳೆಯಲ್ಲಿ ಸತ್ತರೆಂದು ಯಾರೂ ಬರೆದಿಲ್ಲ.

ಎತ್ತಿನ ಮಾತು ಬಂದಿದ್ದರಿಂದ ಒಂದು ಅಡ್ಡಮಾತು. ದಾವಣಗೆರೆ ಎಂದರೆ ಬೆಣ್ಣೆ ದೋಸೆ ಎನ್ನುವವರಿಗೆ ‘ಬೆಣ್ಣೆ ಚಾವಡಿ’ ಗೊತ್ತಿರಲಾರದು. ಮೈಸೂರಿನ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಚಿಕ್ಕದೇವರಾಜ ಒಡೆಯರು ನಡೆಸಿದ ಹಸುಗಳ ಇಲಾಖೆ ಅದು. ಹೈದರಾಲಿಯ ಕೈಗೆ ಬಂದಾಗ ಆ ತಳಿಯ ಹೋರಿಗಳು ತೋಪಿನ ಗಾಡಿ ಎಳೆಯುವ ಎತ್ತುಗಳಾದವು. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ವೆಲ್ಲೆಸ್ಲಿಗೆ ಅವು ಎಷ್ಟು ಹಿಡಿಸಿದ್ದವೆಂದರೆ, ಮುಂದೆ ಸ್ಪೇನಿನಲ್ಲಿ ಕಾದಾಡುವಾಗ ಆ ಎತ್ತುಗಳು ಇಲ್ಲವಲ್ಲ ಎಂದು ಹಲುಬಿದನಂತೆ. ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು, ಹಾಸನ ಸೀಮೆಗಳಲ್ಲಿ ಹರಡಿದ ಕಾವಲುಗಳು ಈ ದನಗಳಿಗೆಂದೇ ಬಿಟ್ಟ ಹುಲ್ಲುಗಾವಲು. ಅವುಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಸುಮಾರು ಹತ್ತು ಸಾವಿರ ಎಕರೆ ಈಗ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳ ಬೇಲಿಯೊಳಗಿದೆ. ಅಲ್ಲಿನ ರನ್‌ವೇಯಿಂದ ಸೈನ್ಯಕ್ಕಾಗಿ ತಯಾರಾಗುವ ಚಾಲಕರಹಿತ ವಿಮಾನಗಳು ಪರೀಕ್ಷೆಗೆ ಹಾರುತ್ತವೆ. ಬೆಣ್ಣೆಯಿಂದ ಶುರುವಾದದ್ದು ತೋಪಿಗೆ ಹೋಗಿ, ತೋಪಿನಿಂದ ಡ್ರೋನಿಗೆ ಬಂದಿದೆ. ನಡುವೆ ಕುರಿ ಮೇಯಿಸುವವರಿಗೆ ಹುಲ್ಲು ಕಡಿಮೆಯಾಯಿತು. ಅವರು ಹಸಿರು ನ್ಯಾಯಮಂಡಳಿಯವರೆಗೂ ಹೋಗಿಬಂದರು.

ಬ್ರಿಟಿಷರ ಕಾಲದಲ್ಲಿ ಹರಿಹರಕ್ಕೆ ಕೊನೆಗೂ ದಂಡಿನ ಕಾಟ ತಪ್ಪಿತು. 1868ರಲ್ಲಿ ಬೆಂಗಳೂರು-ಧಾರವಾಡ ಹೆದ್ದಾರಿಗೆ ತುಂಗಭದ್ರೆಯ ಮೇಲೆ ಹದಿನಾಲ್ಕು ಕಮಾನಿನ ಸೇತುವೆ ಎದ್ದಿತು. ಅದಕ್ಕೆ ಸ್ವಲ್ಪ ಮೊದಲು, 1861ರಿಂದ 65ರವರೆಗೆ, ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಮಿಲ್ಲುಗಳಿಗೆ ಹತ್ತಿ ನಿಂತುಹೋಗಿತ್ತು. ಧಾರವಾಡದ ಎರೆಭೂಮಿಯ ಹತ್ತಿಗೆ ಚಿನ್ನದ ಬೆಲೆ ಬಂತು. ಯುದ್ಧ ಮುಗಿದದ್ದೇ ಬೆಲೆ ನೆಲಕಚ್ಚಿತು, ಸಾಲ ಮಾಡಿ ಬಿತ್ತಿದವರು ಮುಳುಗಿದರು. ರೈಲು ಬಂದದ್ದು ಯುದ್ಧದಿಂದಲ್ಲ. 1876-78ರ ಬರಗಾಲದಲ್ಲಿ ಹಸಿದ ಜನರಿಗೆ ಕೂಲಿ ಕೊಡಲೆಂದೂ, ಮುಂದಿನ ಬರದಲ್ಲಿ ದವಸ ಸಾಗಿಸಲೆಂದೂ ಮೈಸೂರು ರಾಜ್ಯದಲ್ಲಿ ಹಳಿ ಹಾಕುವ ಕೆಲಸಕ್ಕೆ ವೇಗ ಬಂತು; 1889ರ ಹೊತ್ತಿಗೆ ಅದು ಹರಿಹರ ಮುಟ್ಟಿತು. ಹತ್ತಿ ಬಿಡಿಸುವ ಯಂತ್ರ, ಅನಂತರ ಬಟ್ಟೆ ಮಿಲ್ಲು, ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು, ಎಲ್ಲವೂ ದಾವಣಗೆರೆಗೆ ಈ ಹಳಿಯ ಮೇಲೆ ಬಂದವು.

ರೈಲು ಬಂದ ಮೇಲೆ ಎತ್ತಿನ ಹೇರು ಯಾರಿಗೆ ಬೇಕು? ದಂಡುಗಳಿಗೆ ಅನ್ನ ಹೊತ್ತ ಲಂಬಾಣಿಗಳು ಕಸುಬು ಕಳೆದುಕೊಂಡು ತಾಂಡಾ ಹಾಕಿ ನಿಂತರು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂದ ಮೇಲೆ ಹಲವು ಕಡೆ ಅವರ ಹೆಸರನ್ನು ಆ ಪಟ್ಟಿಗೂ ಸೇರಿಸಿದರು. ಕಂಪನಿಯನ್ನು ಗೆಲ್ಲಿಸಿದ್ದಕ್ಕೆ ಸಿಕ್ಕ ಸಂಬಳ ಅದು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಫೆಬ್ರವರಿಯ ಸೇವಾಲಾಲ್ ಜಾತ್ರೆಗೆ ಬರುವ ಜನಸಾಗರದಲ್ಲಿ ಎಷ್ಟೋ ಮನೆತನಗಳ ಹಿರಿಯರು ಯಾವುದೋ ಸೈನ್ಯಕ್ಕೆ ಜೋಳ ಹೊತ್ತವರು.

ಮತ್ತೆ ಹರಿಹರಕ್ಕೆ ಬರೋಣ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲು ಮಾಡಿ ಹೆಸರು ಪಡೆದವರು. ಮೊದಲ ಮಹಾಯುದ್ಧದಲ್ಲಿ ಕಬ್ಬಿಣ ಸಿಗದಾದಾಗ ಕೊಲ್ಹಾಪುರದ ಶಾಹೂ ಮಹಾರಾಜರು ಸಂಸ್ಥಾನದ ಹಳೆಯ ತೋಪುಗಳನ್ನೇ ಕರಗಿಸಿಕೊಳ್ಳಲು ಕೊಟ್ಟರು. ತೋಪು ನೇಗಿಲಾಯಿತು. ಎರಡನೆಯ ಮಹಾಯುದ್ಧದಲ್ಲಿ ಗಾಳಿ ತಿರುಗಿತು. ಬ್ರಿಟನ್ನಿನಿಂದ ಯಂತ್ರಗಳು ಬರುವುದು ನಿಂತು, ಇಲ್ಲಿನ ಮದ್ದುಗುಂಡಿನ ಕಾರ್ಖಾನೆಗಳಿಗೆ ಲೇತ್ ಬೇಕಾಯಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಬೆಂಗಳೂರಿನ ಎಚ್‌ಎಎಲ್‌ಗೆ ಆಗ ಕೆಲವೇ ತಿಂಗಳ ವಯಸ್ಸು. ಅದೇ 1941ರ ಏಪ್ರಿಲ್‌ನಲ್ಲಿ ಶಾಂತಿನಿಕೇತನದಲ್ಲಿ ಎಂಬತ್ತರ ರವೀಂದ್ರನಾಥ ಟಾಗೂರರ ಕೊನೆಯ ದೊಡ್ಡ ಭಾಷಣ ಓದಲಾಯಿತು. ಯುರೋಪಿನ ನಾಗರಿಕತೆಯ ಮೇಲೆ ತಾವು ಇಟ್ಟಿದ್ದ ನಂಬಿಕೆ ಕುಸಿದದ್ದೇ ಅದರ ವಿಷಯ. ಒಂದು ಕಡೆ ಕವಿಯ ನಂಬಿಕೆ ಮುರಿದ ವರ್ಷ, ಇನ್ನೊಂದು ಕಡೆ ತುಂಗಭದ್ರೆಯ ದಂಡೆಯ ಹುಡುಗರಿಗೆ ಕೆಲಸ ಸಿಕ್ಕ ವರ್ಷ. ಎರಡೂ ನಿಜ, ಒಂದರಿಂದ ಇನ್ನೊಂದನ್ನು ಕಳೆಯಲಾಗದು.

ಯಂತ್ರಪುರ ಎಂದೇ ಹೆಸರಾದ ಆ ಕಾರ್ಖಾನೆಯ ಸುತ್ತ ಟರ್ನರು, ಫಿಟ್ಟರುಗಳ ಎರಡು ಮೂರು ತಲೆಮಾರು ಬಾಳಿತು. ದೇವಾಲಯದ ಕಡೆದ ಕಂಬಗಳಿಗೂ ಈ ಲೇತುಗಳಿಗೂ ನಡುವೆ ಏಳುನೂರು ವರ್ಷ. ವಿದ್ಯೆಯ ತತ್ವ ಒಂದೇ, ವಸ್ತು ತಿರುಗಬೇಕು, ಉಳಿ ನಿಲ್ಲಬೇಕು. ಯುದ್ಧದ ಗಿರಾಕಿ ಹೋದ ಮೇಲೆ ಆ ಲೇತುಗಳು ಸ್ವತಂತ್ರ ಭಾರತದ ಕಾರ್ಖಾನೆ, ಕಾಲೇಜುಗಳ ವರ್ಕ್‌ಶಾಪುಗಳಿಗೆ ಹೋದವು. ಕಾರ್ಖಾನೆ ನಾಲ್ಕು ವರ್ಷ ಯುದ್ಧದಿಂದ ಬದುಕಿದರೆ ಅರ್ಧ ಶತಮಾನಕ್ಕೂ ಹೆಚ್ಚು ಶಾಂತಿಯಿಂದ ಬದುಕಿತು. ಈ ಶತಮಾನದ ಆರಂಭದಲ್ಲಿ ಅದು ಬಾಗಿಲು ಹಾಕಿದ್ದು ಯಾವ ಬಾಂಬಿನಿಂದಲೂ ಅಲ್ಲ, ಪೇಟೆಯ ಪೆಟ್ಟಿನಿಂದ.

ಯುದ್ಧ ಈಗ ಹೊಳೆ ದಾಟಿ ಬರುವುದಿಲ್ಲ, ಹಾಗೆಂದು ದೂರವೂ ಇಲ್ಲ. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿ, 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು ಬಂದು, ಮಿಲ್ಲುಗಳು ಸೋತ ದಾವಣಗೆರೆ ಓದಿನ ಊರಾಯಿತು. ಆದರೂ ಸೀಟಿನ ಬೆಲೆ ಭರಿಸಲಾರದ ನಮ್ಮ ಮಕ್ಕಳು ಡಾಕ್ಟರಾಗಲು ಉಕ್ರೇನಿಗೆ ಹೋಗುತ್ತಿದ್ದರು. 2022ರ ಮಾರ್ಚ್ 1ರಂದು ಹಾರ್ಕಿವ್ ನಗರದಲ್ಲಿ ಊಟದ ಸಾಮಾನು ತರಲು ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿ ಶೆಲ್ ದಾಳಿಗೆ ಸಿಕ್ಕ. ಮೂರು ವಾರದ ಮೇಲೆ ದೇಹ ಊರಿಗೆ ಬಂದಾಗ ಮನೆಯವರು ಪೂಜೆ ಮುಗಿಸಿ ಅದನ್ನು ದಾವಣಗೆರೆಯ ಎಸ್‌ಎಸ್ ವೈದ್ಯಕೀಯ ಕಾಲೇಜಿಗೆ, ಮಕ್ಕಳ ಓದಿಗಾಗಿ, ಕೊಟ್ಟರು. ನಾಗರಿಕತೆ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಪೋಲಾಳ್ವನ ಗುಡಿಗಿಂತ ಮೊದಲು ಆ ತಂದೆತಾಯಿಯ ನಿರ್ಧಾರವನ್ನು ಹೇಳುತ್ತೇನೆ.

ಯುದ್ಧವೇ ನಾಗರಿಕತೆಯನ್ನು ಕಟ್ಟಿತೆಂಬ ನಂಬಿಕೆ ಇಷ್ಟು ಗಟ್ಟಿಯಾಗಿರಲು ಒಂದು ಸರಳ ಕಾರಣವಿದೆ. ಯುದ್ಧಕ್ಕೆ ಬರೆಯುವವರಿದ್ದರು. ತಿಕ್ಕಮನಿಗೆ ಶಾಸನ ಕವಿ ಇದ್ದ, ವೆಲ್ಲೆಸ್ಲಿಗೆ ಪತ್ರಗಳ ಸಂಪುಟಗಳಿವೆ. ಚೌಕಿಪೇಟೆಯ ಕಂಬಳಿ ವ್ಯಾಪಾರಿಗೆ, ಮಿಲ್ಲಿನ ಮಗ್ಗದ ಮುಂದೆ ಪಾಳಿ ದುಡಿದ ಹೆಣ್ಣುಮಗಳಿಗೆ, ಕೂದಲೆಳೆಯ ಅಳತೆಗೆ ಕಬ್ಬಿಣ ಕಡೆದ ಯಂತ್ರಪುರದ ಟರ್ನರಿಗೆ ಅಂಥವರು ಯಾರಿದ್ದಾರೆ? ಹರಿಹರ, ದಾವಣಗೆರೆಯ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಿರ್ದಿ ಪುಸ್ತಕ, ಮಿಲ್ಲಿನ ಹಾಜರಿ ಚೀಟಿ, ಕಾರ್ಖಾನೆಯ ತರಬೇತಿ ನೋಟು, ಸಂಘದ ಕರಪತ್ರ ಇರಬಹುದು. ದೀಪಾವಳಿಗೆ ಮನೆ ತೊಳೆಯುವಾಗ ಅವುಗಳನ್ನು ಗುಜರಿಯವನ ತಕ್ಕಡಿಗೆ ಹಾಕಬೇಡಿ. ಊರಿನ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ ಒಮ್ಮೆ ತೋರಿಸಿ. ಮನೆಯಲ್ಲಿ ಹಿರಿಯರಿದ್ದರೆ ಪಕ್ಕದಲ್ಲಿ ಕೂತು, ಅವರು ಹೇಳಿದ್ದನ್ನು ಹೆಸರು, ಇಸವಿ ಸಮೇತ ಬರೆದಿಡಿ.